ಟ್ರಂಕ್ ಕಾಲ್ ಕಾಲದ ಮಾತು

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಫೋನ್ ಬಗ್ಗೆ ಮಾತಾಡೋಣ ಅಂತಿದ್ದೇನೆ. ಜೇಬಿನಲ್ಲಿರುವುದರ ಬಗ್ಗೆ ಅಲ್ಲ, ಹಜಾರದ ಮೂಲೆಯಲ್ಲಿ ಸ್ಟೂಲಿನ ಮೇಲೆ, ಮನೆಯವರೇ ಹೆಣೆದ ಕ್ರೋಷಾ ಬಟ್ಟೆ ಹೊದ್ದು ಕೂತಿರುತ್ತಿದ್ದ ಆ ಕಪ್ಪು ಫೋನಿನ ಬಗ್ಗೆ. ಎತ್ತಿದರೆ ಕೈ ಸೋಲುವಷ್ಟು ಭಾರ. ಬೆಂಗಳೂರಿನ ದೂರವಾಣಿನಗರದಲ್ಲಿ ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಶುರುವಾಗಿದ್ದು 1948ರಲ್ಲಿ. ದೇಶದ ಎಷ್ಟೋ ಮನೆಗಳ ಫೋನುಗಳು ಅಲ್ಲಿಂದಲೇ ಹೋದವು.

ಫೋನ್ ಇದ್ದ ಮನೆಯೇ ಅಪರೂಪ ಬಿಡಿ. ಅರ್ಜಿ ಹಾಕಿದರೆ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಬೀದಿಗೊಂದು ಫೋನ್, ಅದು ಬೀದಿಗೆಲ್ಲ ಸೇರಿದ್ದು. ಲಗ್ನಪತ್ರಿಕೆಯಲ್ಲೂ ವಿಸಿಟಿಂಗ್ ಕಾರ್ಡಿನಲ್ಲೂ ಪಕ್ಕದ ಮನೆಯವರ ನಂಬರ್ ಹಾಕಿ ಪಕ್ಕದಲ್ಲಿ ಪಿ.ಪಿ. ಅಂತ ಅಚ್ಚು ಹಾಕಿಸುತ್ತಿದ್ದರು. "ಸ್ವಲ್ಪ ಎದುರುಮನೆ ಮೇಷ್ಟ್ರನ್ನ ಕರೀತೀರಾ? ಐದು ನಿಮಿಷ ಬಿಟ್ಟು ಮತ್ತೆ ಮಾಡ್ತೀನಿ" ಅಂತ ಆ ಕಡೆಯವರು ಹೇಳಿದರೆ ಮನೆಯ ಚಿಕ್ಕ ಹುಡುಗ ಓಡಬೇಕು. ಓಡುವವರ ಪೈಕಿ ನಾನೂ ಒಬ್ಬ. ಮೇಷ್ಟ್ರು ಪಂಚೆ ಸರಿಮಾಡಿಕೊಳ್ಳುತ್ತಾ ಬರುತ್ತಿದ್ದರು, ಅವರ ಹಿಂದೆ ಅವರ ಮನೆಯವರು, ಅವರ ಹಿಂದೆ ಸುಮ್ನೆ ಕುತೂಹಲಕ್ಕೆ ಇನ್ನಿಬ್ಬರು.

ಆಮೇಲೆ ಅವರ ಮಗಳಿಗೆ ಗಂಡು ಒಪ್ಪಿಗೆಯಾಯಿತೋ ಇಲ್ಲವೋ ಎಲ್ಲರಿಗೂ ಗೊತ್ತು. "ಆಗೆಲ್ಲ ಎಷ್ಟು ಚೆನ್ನಾಗಿತ್ತು, ಜನ ಎಷ್ಟು ಹತ್ತಿರ ಇದ್ರು" ಅಂತ ಈಗ ಹೇಳುತ್ತೇವೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಇನ್ನೊಬ್ಬರ ಹಜಾರದಲ್ಲಿ ನಿಂತು, ನಾಲ್ಕು ಜನರ ಮುಂದೆ, ಅಳು ಬಂದರೂ ನುಂಗಿಕೊಂಡು "ಹೂಂ, ಹೂಂ" ಅಂದವರನ್ನು ನಾನು ನೋಡಿದ್ದೇನೆ.

ಇನ್ನು ಟ್ರಂಕ್ ಕಾಲ್. ಬೇರೆ ಊರಿಗೆ ನೀವೇ ನಂಬರ್ ತಿರುಗಿಸುವ ಹಾಗಿರಲಿಲ್ಲ. ಲೈನು ಜೋಡಿಸಿಕೊಡುವ ಎಕ್ಸ್‌ಚೇಂಜಿಗೆ ಫೋನ್ ಮಾಡಿ, ಊರು, ನಂಬರ್ ಎಲ್ಲ ಬರೆಸಿ, ರಿಸೀವರ್ ಇಟ್ಟು ಕಾಯಬೇಕು. ಬೆಳಿಗ್ಗೆ ಬುಕ್ ಮಾಡಿದ್ದು ಮಧ್ಯಾಹ್ನ ಸಿಕ್ಕರೆ ಪುಣ್ಯ. ಅಷ್ಟು ಹೊತ್ತೂ ಯಾರಾದರೊಬ್ಬರು ಫೋನಿನ ಹತ್ತಿರವೇ ಇರಬೇಕು, ಸ್ನಾನಕ್ಕೆ ಹೋಗುವವರು ಇನ್ನೊಬ್ಬರನ್ನು ಕೂರಿಸಿಯೇ ಹೋಗಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಬೇರೆ ಬೇರೆ ಬಗೆ. ಅರ್ಜೆಂಟ್‌ಗೆ ಎರಡರಷ್ಟು ದುಡ್ಡು, ಲೈಟ್ನಿಂಗ್‌ಗೆ ಎಂಟರಷ್ಟು. ಲೈಟ್ನಿಂಗ್ ಕಾಲ್ ಬಂದಿದೆ ಅಂದರೆ ಮನೆಯಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ, ಸುಮ್ಮನೆ ಬಟ್ಟೆ ತುಂಬಲು ಶುರುಮಾಡುತ್ತಿದ್ದರು.

ಲೈನ್ ಸಿಕ್ಕಿದ ಮೇಲೂ ಆ ಕಡೆಯ ದನಿ ಎಲ್ಲೋ ಪಾತಾಳದಿಂದ ಬಂದ ಹಾಗೆ. ಕಿರುಚಲೇಬೇಕು. ಬೊಂಬಾಯಿಯಲ್ಲಿರುವ ಚಿಕ್ಕಪ್ಪನ ಜೊತೆ ಅಜ್ಜ ಮಾತಾಡಿದರೆ, ಫೋನ್ ಇಲ್ಲದೆಯೇ ಕೇಳಿಸುತ್ತಿತ್ತೇನೋ ಅನ್ನಬೇಕು, ಅಷ್ಟು ಜೋರು. "ಹೇಗಿದ್ದೀಯ? ಮಳೆ ಆಯ್ತಾ?" ಅನ್ನುವಷ್ಟರಲ್ಲಿ ನಡುವೆ ಆಪರೇಟರ್ ದನಿ: "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಮುಖ್ಯ ವಿಷಯ ಆಗಲೇ ನೆನಪಾಗುವುದು!

ಆದರೆ ನಮ್ಮ ಜನ ಏನು ಕಡಿಮೆಯೇ? ಟ್ರಂಕ್ ಕಾಲಿನಲ್ಲೂ ಪಿ.ಪಿ., ಅಂದರೆ ಪರ್ಟಿಕ್ಯುಲರ್ ಪರ್ಸನ್ ಅಂತ ಒಂದಿತ್ತು. ಇಂಥ ವ್ಯಕ್ತಿಯೇ ಬೇಕು ಅಂತ ಹೆಸರು ಕೊಟ್ಟು ಬುಕ್ ಮಾಡುವುದು. ಆ ವ್ಯಕ್ತಿ ಇಲ್ಲದಿದ್ದರೆ ಪೂರ್ತಿ ಚಾರ್ಜ್ ಇಲ್ಲ, ಸಣ್ಣ ಮೊತ್ತ ಮಾತ್ರ. ಇದನ್ನು ಹಿಡಿದುಕೊಂಡು ಮನೆಮನೆಯಲ್ಲೂ ಒಂದು ಗುಟ್ಟಿನ ಭಾಷೆ ಹುಟ್ಟಿತು. ಊರಿಗೆ ಸುಖವಾಗಿ ಮುಟ್ಟಿದರೆ "ರಾಮಣ್ಣನವರು ಇದ್ದಾರಾ" ಅಂತ ಕೇಳಿಸುವುದು, ಬಸ್ ತಪ್ಪಿಹೋಗಿದ್ದರೆ "ಭೀಮಣ್ಣ". ಈ ಕಡೆಯವರು ಗಂಭೀರವಾಗಿ "ಇಲ್ಲಮ್ಮ, ರಾಮಣ್ಣ ಹೊರಗೆ ಹೋಗಿದ್ದಾರೆ" ಅನ್ನುವುದು. ಸುದ್ದಿ ಮುಟ್ಟಿತು, ದುಡ್ಡು ಉಳಿಯಿತು. ಆಪರೇಟರಮ್ಮನಿಗೆ ಗೊತ್ತಾಗದೆ ಇರುತ್ತಿತ್ತಾ? ದಿನಾ ಇಷ್ಟೊಂದು ರಾಮಣ್ಣಂದಿರು ಒಟ್ಟಿಗೆ ಹೊರಗೆ ಹೋಗುವುದುಂಟೇ!

ಫೋನಿಗೆ ಬೀಗ ಹಾಕುತ್ತಿದ್ದದ್ದು ನೆನಪಿದೆಯಾ? ಡಯಲಿನ ತೂತಿಗೆ ಒಂದು ಪುಟ್ಟ ಬೀಗ, ಬೀಗದ ಕೈ ಯಜಮಾನರ ಜನಿವಾರದಲ್ಲೋ ಉಡಿದಾರದಲ್ಲೋ. ಬಿಲ್ ಏರಬಾರದು ನೋಡಿ. ಆದರೆ ಬೀಗ ಬಿದ್ದದ್ದು ಡಯಲಿಗೆ ಮಾತ್ರ. ಡಯಲ್ ತಿರುಗಿ ವಾಪಸ್ ಬರುವಾಗ ಮಾಡುವ ಕೆಲಸ ಇಷ್ಟೇ: ಮೂರು ತಿರುಗಿಸಿದರೆ ಲೈನನ್ನು ಮೂರು ಸಲ ಚಕಚಕ ಅಂತ ಕಡಿದು ಸೇರಿಸುವುದು. ಎಕ್ಸ್‌ಚೇಂಜ್ ಅದನ್ನು ಎಣಿಸಿಕೊಳ್ಳುತ್ತದೆ. ರಿಸೀವರ್ ಇಡುವ ಜಾಗದಲ್ಲಿ ಮೇಲೆದ್ದಿರುವ ಗುಂಡಿಯನ್ನು ಬೆರಳಿಂದ ಮೂರು ಸಲ ಬೇಗಬೇಗ ಒತ್ತಿದರೂ ಅದೇ ಕೆಲಸ ಆಗುತ್ತದೆ. ಸೊನ್ನೆಗೆ ಹತ್ತು ಸಲ. ನಡುವೆ ಸ್ವಲ್ಪ ತಡೆದು ಮುಂದಿನ ಅಂಕಿ. ಕಾಲೇಜು ಹುಡುಗರಿಗೆಲ್ಲ ಈ ವಿದ್ಯೆ ಬರುತ್ತಿತ್ತು. ಬೀಗ ಇದ್ದಲ್ಲೇ ಇದೆ, ಬಿಲ್ ಮಾತ್ರ ಹೇಗೆ ಬಂತು ಅಂತ ಯಜಮಾನರು ತಲೆ ಕೆರೆದುಕೊಂಡದ್ದು ಎಷ್ಟು ಮನೆಯಲ್ಲೋ.

ಆಪರೇಟರ್ ಇಲ್ಲದೆ ಬೇರೆ ಊರಿಗೆ ನಾವೇ ನಂಬರ್ ತಿರುಗಿಸುವ ಎಸ್‌ಟಿಡಿ ದೇಶದಲ್ಲಿ ಮೊದಲು ಬಂದದ್ದು 1960ರಲ್ಲಿ, ಲಖನೌ ಮತ್ತು ಕಾನ್ಪುರದ ನಡುವೆ. ನಮ್ಮ ಸಣ್ಣ ಊರುಗಳಿಗೆ ಅದು ಬರಲು ಇನ್ನೂ ದಶಕಗಳೇ ಬೇಕಾದವು. ಹಳ್ಳಿಯ ಧೂಳು, ಸೆಕೆ ತಡೆದುಕೊಂಡು, ಎಸಿ ಇಲ್ಲದೆ ನಡೆಯುವ ಪುಟ್ಟ ಎಕ್ಸ್‌ಚೇಂಜನ್ನು ಸಿ-ಡಾಟ್ ಅನ್ನುವ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ನಮ್ಮ ದೇಶದಲ್ಲೇ ಮಾಡಿತು. ಅದು ಮೊದಲು ಕೂತದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಚೆನ್ನಮ್ಮನ ಕಿತ್ತೂರು ಅಂದರೆ ಎಲ್ಲರಿಗೂ ಗೊತ್ತು, ಇದು ಮಾತ್ರ ಯಾಕೋ ಯಾರೂ ಹೇಳುವುದಿಲ್ಲ.

ಆಮೇಲೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು. ರಾತ್ರಿ ಹನ್ನೊಂದರ ಮೇಲೆ ಕಾಲು ದರ ಅಂತ, ಹತ್ತೂಮುಕ್ಕಾಲಿಗೇ ಹಾಸ್ಟೆಲ್ ಹುಡುಗರ ಸಾಲು. ಗಾಜಿನ ಪೆಟ್ಟಿಗೆಯೊಳಗೆ ಸೆಕೆ, ಕಣ್ಣೆಲ್ಲ ಕೆಂಪು ಅಂಕಿಗಳ ಮೀಟರಿನ ಮೇಲೆ, ಬಾಯಲ್ಲಿ ಅಮ್ಮನ ಜೊತೆ ಮಾತು, ಹೊರಗೆ ನಿಂತವನು ಗಾಜು ತಟ್ಟುತ್ತಿದ್ದಾನೆ.

1995ರಲ್ಲಿ ಮೊಬೈಲ್ ಬಂತು. ಬಂದ ಕರೆಗೂ ನಾವೇ ದುಡ್ಡು ಕೊಡಬೇಕಿತ್ತು, ಹಾಗಾಗಿ ರಿಂಗಾದರೆ ಕಟ್ ಮಾಡಿ ಬೂತಿಗೆ ಓಡುವವರಿದ್ದರು. 2003ರಲ್ಲಿ ಆ ಖರ್ಚು ತಪ್ಪಿತು. ಅಷ್ಟರಲ್ಲಿ ಜನ ಮಿಸ್ಡ್ ಕಾಲ್ ಕಲಿತಿದ್ದರು: ಒಂದು ಸಲ ಬಡಿದರೆ ಹೊರಟೆ, ಎರಡು ಸಲ ಬಡಿದರೆ ಗೇಟಿನ ಹತ್ತಿರ ಬಾ. ರಾಮಣ್ಣ, ಭೀಮಣ್ಣರಿಗೆ ಹೆಸರು ಕೂಡ ಬೇಡವಾಯಿತು.

ನಿಮ್ಮ ಮನೆಯಲ್ಲಿ ಯಾವ ಹೆಸರು ಇಟ್ಟುಕೊಂಡಿದ್ದಿರಿ? ದೊಡ್ಡವರಿದ್ದರೆ ಕೇಳಿ ನೋಡಿ, ಖಂಡಿತ ಒಂದು ಹೆಸರು ಸಿಗುತ್ತದೆ. ನಮಸ್ಕಾರ.