ಮಗುವಿನ ಕೈ ಕಟ್ಟಬೇಡಿ ಮಾರಾಯ್ರೆ

ನಮಸ್ಕಾರ, ಊಟ ಆಯ್ತಾ? ನಂದು ಇನ್ನೂ ಆಗಿಲ್ಲ.

ಇವತ್ತು ಕಾಳಿ ಸೇತುವೆ ಬಗ್ಗೆ ಮಾತಾಡುತ್ತೇನೆ ಅಂತ ಹೇಳಿದ್ದೆ. ಅದು ಮುಂದಿನ ವಾರ. ಯಾಕಂದ್ರೆ ಬೆಳಿಗ್ಗೆ ಚಹಾ ಹಿಡಿದು ಫೋನ್ ತೆಗೆದರೆ ಒಂದು ಕಮೆಂಟ್. ಹೋದ ವಿಡಿಯೋದಲ್ಲಿ ನನ್ನ ಅಕ್ಕನ ಮಗಳು ಸನ್ನೆ ಭಾಷೆಯಲ್ಲಿ ಮಾತಾಡಿದ್ದಳಲ್ಲ, ಅದರ ಕೆಳಗೆ ಒಬ್ಬರು ಬರೆದಿದ್ದಾರೆ: 'ಸನ್ನೆ ಕಲಿಸಿದರೆ ಮಗು ಸೋಮಾರಿ ಆಗ್ತದೆ, ಬಾಯಿ ಬಿಡೋದೇ ಇಲ್ಲ.' ಕೊನೆಗೆ ಕೈ ಮುಗಿಯುವ ಇಮೋಜಿ ಬೇರೆ. ಅಂದ್ರೆ ಇವರು ಕೈಯಲ್ಲಿ ಮಾತಾಡಬಹುದು, ಮಗು ಮಾತ್ರ ಮಾತಾಡಬಾರದು!

ಮಗುವಿನ ಕೈ ಕಟ್ಟಬೇಡಿ. ಇಷ್ಟೇ ನನ್ನ ಮಾತು.

ಅವಳಿಗೆ ಈಗ ಐದು ವರ್ಷ. ಕಿವಿ ಬಹಳ ಕಡಿಮೆ ಕೇಳುತ್ತದೆ ಅಂತ ಗೊತ್ತಾದಾಗ ಎರಡೂವರೆ. ಅಲ್ಲಿವರೆಗೆ 'ಇವಳ ಅಪ್ಪನೂ ತಡವಾಗಿಯೇ ಮಾತಾಡಿದ್ದು' ಅಂತ ಕಾದದ್ದೇ ಕಾದದ್ದು. ಹುಟ್ಟಿದ ಮಗು ನಿದ್ದೆಯಲ್ಲಿರುವಾಗಲೇ ಕಿವಿ ಪರೀಕ್ಷೆ ಮಾಡಬಹುದು, ನಿಮಿಷಗಳ ಕೆಲಸ. ನಮಗೆ ಗೊತ್ತೇ ಇರಲಿಲ್ಲ. ಆಮೇಲೆ ರಾತ್ರಿ ಬಸ್ ಹತ್ತಿ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಈಗ ಕಿವಿಗೆ ಮಷಿನ್ ಇದೆ, ಬಾಯಿ ಮಾತೂ ನಿಧಾನ ಬರುತ್ತಿದೆ, ಸನ್ನೆಯೂ ಇದೆ. ಒಂದು ಇನ್ನೊಂದನ್ನು ತಿಂದು ಹಾಕಿಲ್ಲ.

ಮೊನ್ನೆ ಭಾನುವಾರ ಅವಳನ್ನು ಕಾರವಾರದ ಮೀನು ಮಾರ್ಕೆಟ್ಟಿಗೆ ಕರಕೊಂಡು ಹೋಗಿದ್ದೆ. ಗದ್ದಲ ಗೊತ್ತಲ್ಲ. ಅಲ್ಲಿ ಮಷಿನ್ ಇದ್ದರೂ ಕಷ್ಟ, ಬೇಕಾದ ದನಿ, ಬೇಡದ ದನಿ ಎಲ್ಲ ಒಟ್ಟಿಗೇ ಜೋರಾಗುತ್ತದೆ. ಅವಳು ಅಂಗೈಯನ್ನು ಮೀನು ಈಜಿದ ಹಾಗೆ ಆಡಿಸಿ ಹುಬ್ಬು ಏರಿಸಿದಳು. ಬಂಗಡೆ ಬುಟ್ಟಿ ಮುಂದೆ ಕೂತಿದ್ದ ಅಕ್ಕ ಎರಡು ಬೆರಳು ಎತ್ತಿದರು. ಇನ್ನೂರು. ಇವಳು ತಲೆ ಅಲ್ಲಾಡಿಸಿ ಒಂದೇ ಬೆರಳು ಎತ್ತಿದಳು. ಐದು ವರ್ಷದ್ದು, ಚೌಕಾಸಿ! ಅಕ್ಕ ನಕ್ಕುಬಿಟ್ಟರು, ರೇಟು ಇಳಿಸಲಿಲ್ಲ, ಎರಡು ಬಂಗಡೆ ಜಾಸ್ತಿ ಹಾಕಿದರು. ನಾನು ಇಪ್ಪತ್ತು ವರ್ಷದಿಂದ ಬಾಯಿ ಬಡಕೊಂಡರೂ ಒಂದು ತಾರ್ಲೆ ಜಾಸ್ತಿ ಸಿಕ್ಕಿಲ್ಲ. ಸೋಮಾರಿಯಂತೆ!

ಅಂದಹಾಗೆ, ಶಿರಸಿಯ ನಮ್ಮ ಅತ್ತಿಗೆಯ ಅಪ್ಪೆಮಿಡಿ ಉಪ್ಪಿನಕಾಯಿ ಈ ವರ್ಷದ್ದು ಬಂದಿದೆ. ಬೇಕಾದವರು ಮೆಸೇಜ್ ಹಾಕಿ. ಸಬ್‌ಸ್ಕ್ರೈಬ್ ಆಗದವರಿಗೂ ಕೊಡುತ್ತೇವೆ, ಆದರೆ ಮಿಡಿ ಸಣ್ಣದು.

ಇನ್ನು ಕೆಲವರು, 'ತಜ್ಞರೇ ಸನ್ನೆ ಬೇಡ ಅಂದಿದ್ದಾರೆ' ಅಂತಾರೆ. ಅಂದಿದ್ದಾರೆ ಸ್ವಾಮಿ, 1880ರಲ್ಲಿ! ಇಟಲಿಯ ಮಿಲಾನಿನಲ್ಲಿ ಮೇಷ್ಟ್ರುಗಳೆಲ್ಲ ಸೇರಿ ಕಿವುಡ ಮಕ್ಕಳ ಶಾಲೆಯಲ್ಲಿ ಸನ್ನೆ ಬೇಡ ಅಂತ ತೀರ್ಮಾನ ಮಾಡಿದರು. ಕೈ ಎತ್ತಿದವರಿಗೆಲ್ಲ ಹೆಚ್ಚುಕಡಿಮೆ ಕಿವಿ ಚೆನ್ನಾಗೇ ಕೇಳುತ್ತಿತ್ತು. 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಅದೇ ಸಮಾವೇಶ ಸೇರಿ, ಆ ತೀರ್ಮಾನ ತಪ್ಪಾಗಿತ್ತು ಅಂತ ತಿರಸ್ಕರಿಸಿತು. ನೂರಾಮೂವತ್ತು ವರ್ಷ ಬೇಕಾಯ್ತು! ನಮ್ಮ ಕಮೆಂಟ್ ಅಣ್ಣನಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಸನ್ನೆ ಭಾಷೆ ಅಂದ್ರೆ ಸುಮ್ನೆ ಕೈ ಬೀಸುವುದಲ್ಲ. ಅದಕ್ಕೂ ವ್ಯಾಕರಣ ಇದೆ. ನಮ್ಮ 'ನಿನ್ನ ಹೆಸರು ಏನು' ಇದೆಯಲ್ಲ, ಭಾರತೀಯ ಸನ್ನೆ ಭಾಷೆಯಲ್ಲೂ ಆ 'ಏನು' ಕೊನೆಗೇ ಬರುತ್ತದೆ. ಅಮೆರಿಕದವರ ಎಬಿಸಿಡಿ ಒಂದೇ ಕೈಯದ್ದು, ನಮ್ಮದಕ್ಕೆ ಎರಡು ಕೈ ಬೇಕು. ಹಾಗಾಗಿ ಕಂಡ ಕಂಡ ರೀಲ್ಸ್ ನೋಡಿ ಮಗುವಿಗೆ ಕಲಿಸಬೇಡಿ. 2021ರಲ್ಲೇ ದಿಲ್ಲಿಯ ಸರ್ಕಾರಿ ಸಂಸ್ಥೆ 10,000 ಪದಗಳ ನಿಘಂಟು ಮಾಡಿದೆ, ವಿಡಿಯೋದಲ್ಲೇ ನೋಡಿ ಕಲಿಯಬಹುದು. ಮಗು ಒಂದೇ ಕಲಿತರೆ ಸಾಲದು, ಅಜ್ಜಿಯೂ ಕಲಿಯಬೇಕು. ಕಿವುಡ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟುವುದು ಕಿವಿ ಕೇಳುವವರ ಮನೆಯಲ್ಲೇ. ಮನೆಯವರೇ ಕೈ ಎತ್ತದಿದ್ದರೆ ಆ ಮಗು ಯಾರ ಹತ್ತಿರ ಮಾತಾಡಬೇಕು, ಗೋಡೆ ಹತ್ತಿರವಾ?

ರಾತ್ರಿಯಿಡೀ ಕೂತು ಯಕ್ಷಗಾನ ನೋಡುತ್ತೀರಿ. ವೇಷಧಾರಿ ಬೆರಳು, ಹುಬ್ಬು, ಕಣ್ಣಲ್ಲೇ ಇಡೀ ಪದ್ಯ ಆಡಿ ತೋರಿಸಿದರೆ 'ಅಬ್ಬಾ, ಅಭಿನಯ ಅಂದ್ರೆ ಇದು!' ಅದೇ ನಮ್ಮ ಹುಡುಗಿ ಮಾಡಿದರೆ ಸೋಮಾರಿ! ಕಟ್ಟಬೇಡಿ ಅಂದ್ರೆ ಕಟ್ಟಬೇಡಿ! ಇನ್ನೊಂದು ಕಾರಣ ಬರೆದು ಇಟ್ಟಿದ್ದೆ, ಚೀಟಿ ಎಲ್ಲೋ ಹೋಯ್ತು. ಪರವಾಗಿಲ್ಲ, ಕಾರಣ ಇಲ್ಲದೇನೂ ಕಟ್ಟಬೇಡಿ!

ತಡೀರಿ, ಕ್ಯಾಮೆರಾ ಹಿಂದೆ ಅವಳೇ ನಿಂತಿದ್ದಾಳೆ. ಐದು ಬೆರಳು ಕೂಡಿಸಿ ಬಾಯಿಗೆ ತೋರಿಸುತ್ತಿದ್ದಾಳೆ, ಇದು ಮೂರನೇ ಸಲ. ಈಗ ಸೊಂಟದ ಮೇಲೆ ಕೈ ಇಟ್ಟಳು. ಬಂದೆ ಮಾರಾಯ್ತಿ, ಬಂಗಡೆ ಬಡಿಸು.