ಪಾಚಿಯ ಬಣ್ಣ ಮತ್ತು ಪಾಚಿಯ ಕುಲ: ಕಾರವಾರದ ಬಂಡೆಯಿಂದ ಶಿರಸಿಯ ತೋಟದವರೆಗೆ

[ದೃಶ್ಯ: ಕಾರವಾರದ ಕಡಲತೀರ. ಇಳಿತದ ಹೊತ್ತು, ನೀರು ಸರಿದ ಬಂಡೆಗಳು.]

ನಿರೂಪಣೆ: ನಮಸ್ಕಾರ. ಮಳೆಗಾಲ ಕಳೆದು ಕಡಲು ತಿಳಿಯಾದ ತಿಂಗಳುಗಳಲ್ಲಿ ಇಂತಹ ಬಂಡೆಗಳ ಬಳಿ ನಿಂತರೆ, ತೆಳುಹಾಳೆಯಂತಹ ಹಸಿರು ಉಲ್ವಾ, ಬೀಸಣಿಗೆಯಾಕಾರದ ಕಂದು ಪಡೈನಾ, ಗಾಳಿಗುಳ್ಳೆ ಹೊತ್ತ ಸರ್ಗಾಸಮ್, ಕೆಂಗಂದು ಎಳೆಗಳ ಗ್ರಾಸಿಲೇರಿಯಾ ಮುಂತಾದವನ್ನು ನೋಡಬಹುದು. ಐರ್ಲೆಂಡಿನ ಸಸ್ಯವಿಜ್ಞಾನಿ ವಿಲಿಯಂ ಹೆನ್ರಿ ಹಾರ್ವೆ 1836ರಲ್ಲಿ ಶೈವಲಗಳನ್ನು, ಅಂದರೆ ಪಾಚಿಗಳನ್ನು, ವಿಂಗಡಿಸಲು ಬಣ್ಣವನ್ನೇ ಆಧಾರವಾಗಿ ಹಿಡಿದರು. ಹಸಿರು, ಕಂದು, ಕೆಂಪು ಎಂಬ ಗುಂಪುಗಳ ಹೆಸರು ಇಂದಿಗೂ ಬಳಕೆಯಲ್ಲಿದೆ. ಆದರೆ ಕಣ್ಣಿಗೆ ಕಾಣುವ ಬಣ್ಣವೊಂದನ್ನೇ ನಂಬಿದರೆ ದಾರಿ ತಪ್ಪುತ್ತದೆ.

[ದೃಶ್ಯ: ಶಿರಸಿ ಕಡೆಯ ಅಡಿಕೆ ತೋಟ. ಮರದ ಕಾಂಡದ ಮೇಲೆ ಕಿತ್ತಳೆ ಬಣ್ಣದ ಮಚ್ಚೆ.]

ನಿರೂಪಣೆ: ಘಟ್ಟದ ಮೇಲಿನ ತೇವದ ಊರುಗಳಲ್ಲಿ ಮರದ ಕಾಂಡಕ್ಕೂ ಹಳೆಯ ಗೋಡೆಗೂ ಹಬ್ಬುವ, ಮಖಮಲ್ಲಿನಂತಹ ಈ ಕಿತ್ತಳೆ ಬಣ್ಣದ ಪದರವನ್ನು ನೀವು ನೋಡಿರಬಹುದು. ಟ್ರೆಂಟಿಪೋಲಿಯಾ ಎಂಬ ಈ ಶೈವಲ ಹಸಿರು ಶೈವಲಗಳ ಗುಂಪಿಗೆ ಸೇರಿದ್ದು! ಇದರಲ್ಲಿಯೂ ಎಲೆಗಳಿಗೆ ಹಸಿರು ಕೊಡುವ ಎ ಮತ್ತು ಬಿ ಎಂಬ ಎರಡು ಬಗೆಯ ಪತ್ರಹರಿತ್ತುಗಳಿವೆ. ಕೋಶದಲ್ಲಿ ತುಂಬಿಕೊಂಡ ಕ್ಯಾರೊಟಿನ್ ಎಂಬ ಕಿತ್ತಳೆ ವರ್ಣದ್ರವ್ಯ ಅವುಗಳ ಹಸಿರನ್ನು ಮರೆಮಾಡಿದೆ, ಅಷ್ಟೆ.

[ದೃಶ್ಯ: ಕುದಿಯುವ ನೀರಿನ ಪಾತ್ರೆಗೆ ಕೆಂಪು ಮತ್ತು ಕಂದು ಶೈವಲ ಹಾಕುವುದು.]

ನಿರೂಪಣೆ: ಈಗ ಕೆಂಪು ಶೈವಲವನ್ನೂ ಕಂದು ಶೈವಲವನ್ನೂ ಕುದಿಯುವ ನೀರಿಗೆ ಹಾಕೋಣ. ಎರಡೂ ಹಸಿರಿಗೆ ತಿರುಗುತ್ತವೆ. ಕೆಂಪಿಗೆ ಕಾರಣವಾದ ಫೈಕೋಎರಿಥ್ರಿನ್ ಒಂದು ಪ್ರೋಟೀನು, ಅದು ಶಾಖಕ್ಕೆ ಕೆಡುತ್ತದೆ. ಕಂದು ಶೈವಲದಲ್ಲಿ ಪ್ರೋಟೀನಿನೊಂದಿಗೆ ಕೂಡಿಕೊಂಡಿದ್ದ ಫ್ಯೂಕೋಕ್ಸಾಂಥಿನ್ ಎಂಬ ವರ್ಣದ್ರವ್ಯ ಬಿಡಿಯಾಗಿ, ಅದರ ಕಂದು ಮಾಸುತ್ತದೆ. ಹಾಗೆಂದು ಉಳಿದ ಹಸಿರು ಎರಡರಲ್ಲೂ ಒಂದೇ ಬಗೆಯದಲ್ಲ: ಪತ್ರಹರಿತ್ತು ಎ ಎರಡರಲ್ಲೂ ಇದ್ದರೂ, ಅದರ ಜೊತೆಗೆ ಸಿ ಇರುವುದು ಕಂದು ಶೈವಲದಲ್ಲಿ ಮಾತ್ರ.

ಆದ್ದರಿಂದಲೇ ಬ್ರಿಟನ್ನಿನ ಸಸ್ಯವಿಜ್ಞಾನಿ ಎಫ್. ಇ. ಫ್ರಿಟ್ಶ್ 1935ರಲ್ಲಿ ಶೈವಲಗಳನ್ನು 11 ವರ್ಗಗಳಾಗಿ ಜೋಡಿಸಿದಾಗ, ವರ್ಣದ್ರವ್ಯದ ಜೊತೆಗೆ ಕೂಡಿಟ್ಟ ಆಹಾರ, ಈಜಲು ನೆರವಾಗುವ, ಚಾಟಿಯಂತಹ ಕಶಾಂಗ, ಸಂತಾನೋತ್ಪತ್ತಿಯ ರೀತಿ ಇವನ್ನೂ ಪರಿಗಣಿಸಿದರು. ಹಸಿರು ಶೈವಲ ನಮ್ಮ ಭತ್ತದಂತೆಯೇ ಪಿಷ್ಟವನ್ನು ಕೂಡಿಡುವುದರಿಂದ ಅಯೋಡಿನ್ ತಾಗಿದರೆ ಕಡುನೀಲಿಯಾಗುತ್ತದೆ. ಕೆಂಪು ಶೈವಲದ ಫ್ಲೋರಿಡಿಯನ್ ಪಿಷ್ಟ ಕೆಂಗಂದಾಗುತ್ತದೆ. ಕಂದು ಶೈವಲ ಕೂಡಿಡುವ ಲ್ಯಾಮಿನಾರಿನ್ ಎಂಬ ಆಹಾರ ಅಯೋಡಿನ್ನಿಗೆ ಆ ನೀಲಿಯನ್ನು ಕೊಡುವುದೇ ಇಲ್ಲ. ಕೆಂಪು ಶೈವಲಗಳ ಜೀವನಚಕ್ರದ ಯಾವ ಹಂತದಲ್ಲಿಯೂ ಕಶಾಂಗವಿರುವುದಿಲ್ಲ ಎಂಬುದು ನನಗೆ ಇವೆಲ್ಲಕ್ಕಿಂತ ಗಟ್ಟಿಯಾದ ಗುರುತಾಗಿ ಕಾಣುತ್ತದೆ. ಕೋಶಭಿತ್ತಿಯೂ ಬೇರೆ. ಅದರಿಂದ ತೆಗೆಯುವ ಲೋಳೆಯಂತಹ ವಸ್ತುಗಳಲ್ಲಿ ಅಗರ್ ದೊರೆಯುವುದು ಗ್ರಾಸಿಲೇರಿಯಾದಂತಹ ಕೆಂಪು ಶೈವಲದಿಂದ, ಆಲ್ಜಿನೇಟ್ ದೊರೆಯುವುದು ಸರ್ಗಾಸಮ್‌ನಂತಹ ಕಂದು ಶೈವಲದಿಂದ.

[ದೃಶ್ಯ: ಸೂಕ್ಷ್ಮದರ್ಶಕದಲ್ಲಿ ಡಯಾಟಮ್ ಮತ್ತು ನಾಸ್ಟಾಕ್.]

ನಿರೂಪಣೆ: ಕಾಳಿ ನದಿಯ ಅಳಿವೆಯ ನೀರಿನಲ್ಲಿ ತೇಲುವ ಡಯಾಟಮ್‌ಗಳೆಂಬ ಏಕಕೋಶ ಶೈವಲಗಳಿಗೆ ಸಿಲಿಕಾದ ಕವಚವಿದೆ, ವರ್ಣದ್ರವ್ಯದಲ್ಲಿ ಅವು ಕಂದು ಶೈವಲಗಳ ಬಂಧುಗಳು. ಮಳೆಗಾಲದ ಅಂಗಳದಲ್ಲಿ ಲೋಳೆಯಾಗಿ ಹಬ್ಬುವ ನಾಸ್ಟಾಕ್ ನೀಲಿ-ಹಸಿರು ಗುಂಪಿನದು. ಅದರ ಕೋಶದಲ್ಲಿ ನ್ಯೂಕ್ಲಿಯಸ್ ಇಲ್ಲದಿರುವುದರಿಂದ ಇಂದು ಅದನ್ನು ಬ್ಯಾಕ್ಟೀರಿಯಾಗಳ ಸಾಲಿಗೆ ಸೇರಿಸಲಾಗಿದೆ. ಆದರೂ ಶೈವಲಗಳ ಕಥೆಯಿಂದ ಅದನ್ನು ಹೊರಗಿಡಲಾಗದು: ಹಸಿರು ಮತ್ತು ಕೆಂಪು ಶೈವಲಗಳ ಪತ್ರಹರಿತ್ತಿನ ಕಣಗಳು, ಬಹುಹಿಂದೆ ಒಂದು ಕೋಶದೊಳಗೆ ನೆಲೆಸಿದ ಇಂತಹ ಬ್ಯಾಕ್ಟೀರಿಯಾದಿಂದಲೇ ಬಂದವು. ಕಂದು ಶೈವಲಗಳ ಪೂರ್ವಜರು ಆ ಕಣವನ್ನು ಪಡೆದದ್ದು ಒಂದು ಕೆಂಪು ಶೈವಲವನ್ನು ಒಳಗೆಳೆದುಕೊಂಡು. ಹೀಗಾಗಿ ಬಂಡೆಯ ಮೇಲೆ ಅಕ್ಕಪಕ್ಕದಲ್ಲಿ ಬೆಳೆದರೂ, ಹಸಿರು ಉಲ್ವಾಕ್ಕೆ ಹತ್ತಿರದ ಬಂಧು ಕೆಂಪು ಗ್ರಾಸಿಲೇರಿಯಾ. ಕಂದು ಸರ್ಗಾಸಮ್ ಬೇರೆಯೇ ವಂಶದ್ದು.