ಸ್ಟೇಷನ್ ಮೇಲೆ ನಂಬಿಕೆ ಇಲ್ಲ, ನೇಣಿನ ಮೇಲೆ ಇದೆ

ನಮಸ್ಕಾರ. ಹಾಸನದಿಂದ ಮಾತಾಡುತ್ತಿದ್ದೇನೆ. ಇವತ್ತಿನ ಮಾತು ಕೆಲವರಿಗೆ ಸಿಟ್ಟು ತರಿಸುತ್ತದೆ, ಗೊತ್ತು. ಗಲ್ಲುಶಿಕ್ಷೆ ಪೂರ್ತಿ ತೆಗೆದುಹಾಕಬೇಕು ಅನ್ನುವವನು ನಾನು.

ಟಿವಿಯಲ್ಲಿ ಒಂದು ಘೋರವಾದ ಕೇಸ್ ಬಂತು ಅಂದುಕೊಳ್ಳಿ. ಎನ್.ಆರ್. ಸರ್ಕಲ್‌ನಿಂದ ಸಕಲೇಶಪುರದ ಬಸ್ಸಿನವರೆಗೆ ಒಂದೇ ಮಾತು. "ಇಂಥವರಿಗೆ ಜೈಲಲ್ಲಿ ಅನ್ನ ಹಾಕಿ ಸಾಕೋದ್ಯಾಕೆ ಮಾರಾಯ, ನೇಣಿಗೆ ಹಾಕ್ಬೇಕು." ಆ ಸಿಟ್ಟು ಸುಳ್ಳಲ್ಲ, ನನಗೂ ಬರುತ್ತದೆ. ಆದರೆ ಸ್ವಲ್ಪ ಹೊತ್ತು ಬಿಟ್ಟು ಅದೇ ಬಾಯಿ ಹೇಳುತ್ತದೆ: "ಸ್ಟೇಷನ್‌ಗೆ ಹೋಗಿ ಏನು ಪ್ರಯೋಜನ? ದುಡ್ಡಿದ್ದವನದ್ದೇ ನಡೆಯೋದು." ಮೊಬೈಲ್ ಕಳೆದರೆ ಪೊಲೀಸರನ್ನು ನಂಬದ ನಾವು, ಒಬ್ಬನ ಜೀವ ತೆಗೆಯುವಾಗ ಮಾತ್ರ ಅವರು ಬರೆದದ್ದನ್ನೆಲ್ಲ ಕಣ್ಣು ಮುಚ್ಚಿ ನಂಬುತ್ತೇವೆ.

ನಮ್ಮ ಕಡೆ ಕಾಫಿ ಕೊಯ್ಲಿನ ಟೈಮಲ್ಲಿ ನೋಡಿ. ಕಣದಲ್ಲಿ ಒಣಗಿಸಿದ ಕಾಫಿ ಎರಡು ಮೂಟೆ ಕಮ್ಮಿಯಾದರೆ ಮೊದಲು ಬಡಿಯೋದು ಯಾರ ಬಾಗಿಲು? ತೋಟದ ಲೈನ್ ಮನೆಯಲ್ಲಿರುವ ಅಸ್ಸಾಮಿನ ಕೂಲಿಯವರದ್ದು. ಭಾಷೆ ಬರಲ್ಲ, ಪರವಾಗಿ ಮಾತಾಡೋಕೆ ಒಬ್ಬರೂ ಇಲ್ಲ. ಕದ್ದವನು ಊರಿನವನೇ ಇರಬಹುದು. ಕಾಫಿ ಮೂಟೆಯ ವಿಷಯವಾದರೆ ನಾಲ್ಕು ಏಟು ತಿಂದು ಮುಗಿಯುತ್ತದೆ. ಕೊಲೆ ಕೇಸ್ ಆದರೆ?

ಮಹಾರಾಷ್ಟ್ರದಲ್ಲಿ ಆಗಿದ್ದು ಅದೇ. 2003ರಲ್ಲಿ ಒಂದೇ ಕುಟುಂಬದ ಐವರ ಕೊಲೆಯಾಯಿತು. ಅಲೆಮಾರಿ ಸಮುದಾಯದ ಆರು ಜನರನ್ನು ಹಿಡಿದರು. ಕೆಳಗಿನ ಕೋರ್ಟ್ ಆರೂ ಜನರಿಗೆ ಗಲ್ಲು ಹೇಳಿತು. ಹೈಕೋರ್ಟ್ ಅದರಲ್ಲಿ ಮೂವರ ಗಲ್ಲನ್ನು ಜೀವಾವಧಿಗೆ ಇಳಿಸಿತ್ತು. 2009ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಒಪ್ಪದೆ ಆರೂ ಜನರಿಗೆ ಗಲ್ಲು ಅಂದಿತು. 2019ರಲ್ಲಿ ಅದೇ ಸುಪ್ರೀಂ ಕೋರ್ಟ್ ಆರೂ ಜನರನ್ನು ಖುಲಾಸೆ ಮಾಡಿತು. ಬದುಕುಳಿದ ಸಾಕ್ಷಿ ಪೊಲೀಸರ ಫೋಟೋಗಳಲ್ಲಿ ಬೇರೆ ನಾಲ್ವರನ್ನು ತೋರಿಸಿದ್ದರಂತೆ. ಅವರ ಮೇಲೆ ತನಿಖೆಯೇ ಆಗಿರಲಿಲ್ಲ! ತಲಾ 5 ಲಕ್ಷ ಪರಿಹಾರ ಕೊಡಿ ಅಂತ ಕೋರ್ಟ್ ಹೇಳಿತು. ಮಧ್ಯೆ ಯಾವತ್ತಾದರೂ ನೇಣು ಹಾಕಿಬಿಟ್ಟಿದ್ದರೆ ಆ 5 ಲಕ್ಷ ಯಾರ ಕೈಗೆ ಕೊಡುತ್ತಿದ್ದರು?

"ಗಲ್ಲು ಇಲ್ಲ ಅಂದರೆ 14 ವರ್ಷಕ್ಕೆ ಹೊರಗೆ ಬಂದುಬಿಡ್ತಾನೆ" ಅಂತೀರಿ. ಹಾಗೇನೂ ಇಲ್ಲ. ಬೆಂಗಳೂರಿನ ಶ್ರದ್ಧಾನಂದ ಕೇಸ್ ನೆನಪಿದೆಯಾ? ಹೆಂಡತಿಯನ್ನು ಜೀವಂತವಾಗಿ ಹೂತವನು. 2008ರಲ್ಲಿ ಸುಪ್ರೀಂ ಕೋರ್ಟ್ ಅವನಿಗೆ ಗಲ್ಲು ಬೇಡ, ಸಾಯುವ ತನಕ ಜೈಲಿನಿಂದ ಬಿಡಬೇಡಿ ಅಂದಿತು. ಆ ದಾರಿ ನಮ್ಮ ಕರ್ನಾಟಕದ ಕೇಸಿನಿಂದಲೇ ಗಟ್ಟಿಯಾಗಿದ್ದು.

ಸತ್ತವರ ಮನೆಯವರಿಗಾದರೂ ಗಲ್ಲಿನಿಂದ ನೆಮ್ಮದಿ ಸಿಗುತ್ತದಾ? ಬೆಂಗಳೂರಿನಲ್ಲಿ ಹೆಂಗಸೊಬ್ಬರ ಮೇಲೆ ಅತ್ಯಾಚಾರ ಮಾಡಿ ಕೊಂದ ಉಮೇಶ್ ರೆಡ್ಡಿ ಕೇಸ್ ನೋಡಿ. ಕೊಲೆ ಆಗಿದ್ದು 1998ರಲ್ಲಿ. ಗಲ್ಲು ಅಂತ ತೀರ್ಪಾಯಿತು, ಅಪೀಲು, ಕ್ಷಮಾದಾನದ ಅರ್ಜಿ, ಮತ್ತೆ ಕೋರ್ಟು. ಬೆಳಗಾವಿ ಜೈಲಿನಲ್ಲಿ ಅವನನ್ನು ವರ್ಷಗಟ್ಟಲೆ ಕಾನೂನು ಮೀರಿ ಒಂಟಿ ಸೆಲ್‌ನಲ್ಲಿ ಇಟ್ಟಿದ್ದರು. ಅದೇ ಕಾರಣಕ್ಕೆ 2022ರಲ್ಲಿ ಗಲ್ಲು ರದ್ದಾಗಿ, ಕನಿಷ್ಠ 30 ವರ್ಷ ಜೈಲು ಅಂತ ಆಯಿತು. ಮೊದಲೇ ಅಷ್ಟು ಹೇಳಿದ್ದರೆ ಆ ಮನೆಯವರು ಅಷ್ಟು ವರ್ಷ ಪೇಪರ್ ನೋಡುತ್ತಾ ಕೂರಬೇಕಿತ್ತಾ?

ಭಯ ಇರಬೇಕು ಅನ್ನೋದೂ ಅಷ್ಟೇ. ಗಲ್ಲಿಗೆ ಜೀವಾವಧಿಗಿಂತ ಜಾಸ್ತಿ ಹೆದರುತ್ತಾರೆ ಅನ್ನೋಕೆ ಆಧಾರ ಇಲ್ಲ ಅಂತ ಕಾನೂನು ಆಯೋಗ 2015ರಲ್ಲೇ ಹೇಳಿತು. ಭಯೋತ್ಪಾದನೆ, ದೇಶದ ವಿರುದ್ಧ ಯುದ್ಧ ಹೂಡೋದು, ಇವೆರಡನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಗಲ್ಲು ಬೇಡ ಅಂತಲೂ ಹೇಳಿತು. ಅವೆರಡನ್ನು ಯಾಕೆ ಬಿಟ್ಟರೋ, ನನಗೆ ಒಪ್ಪಿಗೆಯಿಲ್ಲ. ತಪ್ಪಾಗಿ ಹಿಡಿಯೋದು ಅಲ್ಲೂ ಆಗುತ್ತದಲ್ವಾ?

ಸರ್ಕಾರ ಹೋಗಿದ್ದು ಉಲ್ಟಾ ದಿಕ್ಕಿಗೆ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ (ಐಪಿಸಿ) ಬದಲಿಗೆ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಗುಂಪು ಹತ್ಯೆಗೂ ಗಲ್ಲು ಸೇರಿದೆ. ಕೇಳೋಕೆ ಚೆನ್ನಾಗಿದೆ. ಆದರೆ ನೂರು ಜನ ಸೇರಿದ ಕಡೆ ಕಲ್ಲು ಎತ್ತಿದ್ದು ಯಾರು, ಸುಮ್ನೆ ನಿಂತು ನೋಡಿದ್ದು ಯಾರು ಅಂತ ಬರೆಯೋರು ಯಾರು? ಅದೇ ಸ್ಟೇಷನ್‌ನವರೇ ತಾನೇ?